ಟ್ಯಾಂಕ್ ಇವತ್ತು, ಮೀನು ಆಮೇಲೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮೊದಲು ವಿಷಯ ಹೇಳಿಬಿಡುತ್ತೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ, ಹೊಸ ಟ್ಯಾಂಕ್ ಕೊಂಡವರಿಗೆ ಅದೇ ದಿನ ಮೀನು ಕೊಡುವುದಿಲ್ಲ. ಟ್ಯಾಂಕ್, ಫಿಲ್ಟರ್, ಹೀಟರ್, ಮರಳು, ಗಿಡ ಎಲ್ಲವನ್ನೂ ಅವತ್ತೇ ಒಯ್ಯಬಹುದು. ಮೀನು ಮಾತ್ರ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದ ಮೇಲೆ. ಅದೂ ನೀವು ಮನೆಯಿಂದ ತಂದ ಟ್ಯಾಂಕ್ ನೀರನ್ನು ಇಲ್ಲಿ ಟೆಸ್ಟ್ ಮಾಡಿ ನೋಡಿದ ಮೇಲೆ. ಟೆಸ್ಟಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.

"ಬಂದ ಗಿರಾಕಿಯನ್ನು ಮೀನಿಲ್ಲದೆ ವಾಪಸ್ ಕಳಿಸಿದರೆ ಅವರು ಪಕ್ಕದ ಅಂಗಡಿಗೆ ಹೋಗಲ್ವಾ?" ಎಂದು ನಮ್ಮಲ್ಲಿ ಲೆಕ್ಕ ಬರೆಯುವವರು ಕೇಳಿದರು. ಕೆಲವರು ಹೋಗುತ್ತಾರೆ. ಅದು ಗೊತ್ತಿದ್ದೇ ಈ ಪತ್ರ ಬರೆಯುತ್ತಿದ್ದೇವೆ.

ಇದಕ್ಕೆಲ್ಲ ಕಾರಣವಾದ ಒಂದು ಘಟನೆ ಇದೆ. ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. 60 ಸೆಂಟಿಮೀಟರ್ ಉದ್ದದ ಟ್ಯಾಂಕ್, ಹನ್ನೆರಡು ನಿಯಾನ್ ಟೆಟ್ರಾ, ಮೂರು ಮೊಲಿ, ಎಲ್ಲವೂ ಒಂದೇ ಬಿಲ್‌ನಲ್ಲಿ. ನಾವೇ ಖುಷಿಯಿಂದ ಕಟ್ಟಿಕೊಟ್ಟೆವು. ಐದನೇ ದಿನ ಅವರು ಒಂದು ಡಬ್ಬಿಯಲ್ಲಿ ನೀರು ಹಿಡಿದುಕೊಂಡು ಬಂದರು. "ನೋಡಿ, ನೀರು ಕನ್ನಡಿ ಹಾಗಿದೆ. ಆದರೂ ದಿನಕ್ಕೆ ಎರಡು ಮೂರು ಸಾಯುತ್ತಿವೆ" ಅಂದರು. ನಿಜಕ್ಕೂ ನೀರು ತಿಳಿಯಾಗಿತ್ತು. ಸಣ್ಣ ಗಾಜಿನ ಟ್ಯೂಬಿಗೆ ಐದು ಮಿಲಿಲೀಟರ್ ಹಾಕಿ, ಅಮೋನಿಯಾ (ಮೀನಿಗೆ ವಿಷವಾಗುವ ರಾಸಾಯನಿಕ) ಇದೆಯೇ ಎಂದು ತಿಳಿಸುವ ಟೆಸ್ಟಿನ ಹನಿಗಳನ್ನು ಬಿಟ್ಟು, ಕುಲುಕಿ, ಐದು ನಿಮಿಷ ಕಾದೆವು. ಅಮೋನಿಯಾ ಇಲ್ಲದಿದ್ದರೆ ಅದು ನಿಂಬೆ ಹಳದಿಯಾಗಿಯೇ ಉಳಿಯಬೇಕು. ನಮ್ಮ ಕಣ್ಣೆದುರೇ ಹಸಿರಾಯಿತು, ಆಮೇಲೆ ಕಡು ಹಸಿರಾಯಿತು. ಚಾರ್ಟ್ ಪಕ್ಕಕ್ಕೆ ಹಿಡಿದು ನೋಡುವ ಅಗತ್ಯವೇ ಇರಲಿಲ್ಲ.

"ನಾನೇನು ತಪ್ಪು ಮಾಡಿದೆ?" ಎಂದು ಕೇಳಿದರು. ಅವರು ಏನೂ ತಪ್ಪು ಮಾಡಿರಲಿಲ್ಲ. ನಾವು ಮಾಡಿದ್ದೆವು. ಅದಕ್ಕಿಂತ ದೊಡ್ಡ ತಪ್ಪು ಅಂದರೆ, ಸಮಾಧಾನಕ್ಕೆಂದು ಸತ್ತ ಮೀನುಗಳ ಬದಲಿಗೆ ಅವತ್ತೇ ಹೊಸ ಮೀನು ಕೊಟ್ಟು ಕಳಿಸಿದೆವು. ಅವೂ ಸತ್ತವು. ಆ ಹುಡುಗಿ ಮತ್ತೆ ನಮ್ಮಲ್ಲಿಗೆ ಬರಲಿಲ್ಲ.

ಒಳಗೆ ನಡೆಯುವುದು ಇಷ್ಟು. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ಹೊಳೆಯಲ್ಲಾದರೆ ಅಪಾರ ನೀರಿನಲ್ಲಿ ಬೆರೆತು ಹೋಗುತ್ತದೆ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಟ್ಯಾಂಕಿನಲ್ಲಿ ತುಂಬಿದರೆ 54 ಲೀಟರ್, ಕಲ್ಲು ಮರಳು ಕಳೆದರೆ ಇನ್ನೂ ಕಡಿಮೆ. ಎಲ್ಲಿಗೆ ಹೋಗಬೇಕು ಅದು? ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟೊಂದು ವಿಷವಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಕಡಿಮೆಯಾಗುತ್ತದೆ, ಗಿಡಗಳೂ ಹೀರಿಕೊಳ್ಳುತ್ತವೆ. (ಎರಡೂ ಕೆಲಸವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಎಂಬುದು 2015ರಲ್ಲಿ ತಿಳಿಯಿತು. ನಮ್ಮ ಹಳೇ ಪುಸ್ತಕಗಳಲ್ಲಿ ಅದಿಲ್ಲ.) ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡಿಕೊಂಡಿರುವುದು ಕಡಿಮೆ. ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ, ಕಲ್ಲಿನ ಮೇಲೆ ಅಂಟಿಕೊಂಡಿರುತ್ತವೆ. ಬೆಳೆಯುವುದು ಬಲು ನಿಧಾನ. ಹೊಸ ಟ್ಯಾಂಕಿನಲ್ಲಿ ಅವು ಇಲ್ಲವೇ ಇಲ್ಲ ಎನ್ನಬಹುದು. ಹಾಗಾಗಿ ನೀರು ಎಷ್ಟೇ ತಿಳಿಯಾಗಿದ್ದರೂ ಅದು ಮೀನಿಗೆ ಇನ್ನೂ ಮನೆಯಲ್ಲ.

ಅಮೋನಿಯಾದಲ್ಲಿ ಇನ್ನೊಂದು ಕಿತಾಪತಿ ಇದೆ. ಅದು ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಅಷ್ಟೇನೂ ಕೆಡುಕಲ್ಲ, ಇನ್ನೊಂದು ವಿಷ. ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) 7 ಇದ್ದಾಗ ವಿಷದ ಪಾಲು ನೂರಕ್ಕೆ ಒಂದೂ ಇರುವುದಿಲ್ಲ. ಪಿಎಚ್ 8 ಆದರೆ ಅದು ಹತ್ತಿರ ಹತ್ತಿರ ಹತ್ತು ಪಟ್ಟು. ನೀರು ಬೆಚ್ಚಗಾದಷ್ಟೂ ಇನ್ನೂ ಜಾಸ್ತಿ. "ಅವರ ಮನೆಯಲ್ಲಿ ಮೊದಲ ದಿನವೇ ಮೀನು ಬಿಟ್ಟರು, ಒಂದೂ ಸಾಯಲಿಲ್ಲ" ಎಂದು ಹೇಳುವವರು ಇದ್ದೇ ಇರುತ್ತಾರೆ. ಅವರ ನೀರಿನ ಪಿಎಚ್ ಕಡಿಮೆ ಇದ್ದಿರಬಹುದು, ಗಿಡ ಜಾಸ್ತಿ ಇದ್ದಿರಬಹುದು, ಎರಡೇ ಮೀನು ಬಿಟ್ಟಿರಬಹುದು. ಅವರ ಅದೃಷ್ಟವನ್ನು ನಂಬಿ ನಿಮಗೆ ಮೀನು ಕೊಡುವುದು ನಮಗೆ ಸಾಕಾಗಿದೆ.

ನೈಟ್ರೈಟ್ ಮಾಡುವ ಅನಾಹುತ ಬೇರೆ ಥರದ್ದು. ಅದು ರಕ್ತಕ್ಕೆ ಸೇರಿ, ಆಮ್ಲಜನಕ ಹೊರುವ ಶಕ್ತಿಯನ್ನೇ ಕೆಡಿಸುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಏರ್ ಪಂಪ್ ಜೋರಾಗಿ ಓಡುತ್ತಿದ್ದರೂ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿರುತ್ತದೆ. "ಹಸಿವಾಗಿದೆ ಪಾಪ" ಎಂದು ಇನ್ನೊಂದು ಚಿಟಿಕೆ ಆಹಾರ ಹಾಕಿದರೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಆ ನಾಲ್ಕಾರು ವಾರ ಖಾಲಿ ಟ್ಯಾಂಕನ್ನು ಸುಮ್ನೆ ನೋಡುತ್ತಾ ಕೂರಬೇಕಾ? ಕೆಲಸವಿದೆ. ಫಿಲ್ಟರ್ ಹಗಲೂ ರಾತ್ರಿ ಓಡುತ್ತಿರಬೇಕು. ಹೀಟರನ್ನು 27 ಡಿಗ್ರಿಗೆ ಇಡಿ, ಬ್ಯಾಕ್ಟೀರಿಯಾಗೆ ಬೆಚ್ಚಗಿದ್ದರೆ ಒಳ್ಳೆಯದು. ನಾವು ಕೊಡುವ ಅಮೋನಿಯಾ ಬಾಟಲಿಯಿಂದ, ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಹನಿ ಹಾಕಬೇಕು. ಎಷ್ಟು ಹನಿ ಎಂಬುದನ್ನು ನಿಮ್ಮ ಟ್ಯಾಂಕಿನ ಅಳತೆ ನೋಡಿ ಬಾಟಲಿಯ ಮೇಲೇ ಬರೆದುಕೊಡುತ್ತೇವೆ. ಮೊದಲ ಕೆಲವು ದಿನ ಏನೂ ಆಗುವುದಿಲ್ಲ. ಆಮೇಲೆ ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಜನರಿಗೆ ತಾಳ್ಮೆ ಕೆಡುವುದು ಇಲ್ಲೇ. ನೈಟ್ರೈಟ್ ಏರಿದ್ದು ಎರಡು ವಾರವಾದರೂ ಕೆಳಗಿಳಿಯುವುದಿಲ್ಲ, ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಇಲ್ಲವೇ ಇಲ್ಲ! ಅಮೋನಿಯಾ ಹಾಕಿ 24 ಗಂಟೆಯಾದ ಮೇಲೆ ಅಮೋನಿಯಾವೂ ಸೊನ್ನೆ, ನೈಟ್ರೈಟೂ ಸೊನ್ನೆ ಬಂದರೆ ನಿಮ್ಮ ಟ್ಯಾಂಕ್ ತಯಾರು. ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿ, ಬಂದು ಮೀನು ಒಯ್ಯಿರಿ.

ಇದಕ್ಕೊಂದು ಒಳದಾರಿಯೂ ಉಂಟು. ನಮ್ಮ ಹಳೇ ಟ್ಯಾಂಕುಗಳ ಫಿಲ್ಟರಿನಲ್ಲಿ ಕೆಲವು ಸ್ಪಂಜುಗಳನ್ನು ಬೇರೆಯಾಗಿ ಇಟ್ಟಿದ್ದೇವೆ. ಹೊಸ ಮೀನು ಬಾರದ, ರೋಗ ಕಾಣದ ಟ್ಯಾಂಕುಗಳು ಅವು. ಅದರಲ್ಲೊಂದನ್ನು ನಿಮ್ಮ ಫಿಲ್ಟರಿಗೆ ಸೇರಿಸಿದರೆ ಕಾಯುವ ಸಮಯ ಚೆನ್ನಾಗಿ ಕಡಿಮೆಯಾಗುತ್ತದೆ. ನಾವು ಅದಕ್ಕೆ ಹೆಪ್ಪು ಎಂದೇ ಹೆಸರಿಟ್ಟಿದ್ದೇವೆ, ಮಾಡುವ ಕೆಲಸವೂ ಅದೇ. ನೋಡಲು ಕಂದು ಬಣ್ಣದ ಕೊಳೆ. ದಯವಿಟ್ಟು ಮನೆಗೆ ಹೋಗಿ ಅದನ್ನು ನಲ್ಲಿ ಕೆಳಗೆ ಹಿಡಿದು ಚೊಕ್ಕ ಮಾಡಬೇಡಿ. ಒಬ್ಬರು ಮಾಡಿದ್ದರು, ಸೋಪು ಹಾಕಿ! ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಕ್ಕೇ ಇರುವುದು, ಅಲ್ವಾ? ಫಿಲ್ಟರ್ ಸ್ಪಂಜನ್ನು ಯಾವಾಗ ತೊಳೆದರೂ, ಟ್ಯಾಂಕಿನಿಂದ ತೆಗೆದ ಒಂದು ಬಕೆಟ್ ನೀರಿನಲ್ಲಿ ಹಿಂಡಿ ತೆಗೆದರೆ ಸಾಕು. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ ಎಂಬ ಮಾತು ನಿಜ, ಆದರೆ ಕೆಲವು ಕಡೆ ನೀರಿಗೆ ಕ್ಲೋರಮೈನ್ (ಕ್ಲೋರಿನ್ ಜೊತೆ ಅಮೋನಿಯಾ ಸೇರಿದ್ದು) ಹಾಕುತ್ತಾರೆ. ಅದು ಹಾಗೆ ಹಾರಿಹೋಗುವುದಿಲ್ಲ. ಆಂಟಿ ಕ್ಲೋರಿನ್ ಹನಿ ಹಾಕಿಯೇ ಬಳಸಿ.

"ಫೈಟರ್ ಮೀನಿಗೂ ಈ ನಿಯಮವಾ?" ಎಂದು ಈಗಾಗಲೇ ನಾಲ್ಕೈದು ಜನ ಕೇಳಿದ್ದಾರೆ. ಹೌದು. ಫೈಟರ್ ಮೇಲೆ ಬಂದು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲದು, ಅದಕ್ಕೆ ಬೇರೆ ಅಂಗವೇ ಇದೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ಕಡಿಮೆಯಿದ್ದರೂ ತಡೆದುಕೊಳ್ಳುತ್ತದೆ. ಅಮೋನಿಯಾವನ್ನು ತಡೆದುಕೊಳ್ಳುವುದಿಲ್ಲ. ಲೋಟದಷ್ಟು ನೀರಿನಲ್ಲಿ ಫೈಟರ್ ಬದುಕುವುದಿಲ್ಲ, ಸಾಯುವುದು ತಡವಾಗುತ್ತದೆ ಅಷ್ಟೆ.

ಅದೇ ಕಾರಣಕ್ಕೆ ದುಂಡನೆಯ ಗಾಜಿನ ಬೌಲ್‌ಗಳ ಮಾರಾಟವನ್ನೂ ನಿಲ್ಲಿಸುತ್ತಿದ್ದೇವೆ. ಉಳಿದಿರುವ ಹನ್ನೊಂದನ್ನು ಗಿಡ ಬೆಳೆಸುವುದಕ್ಕೆ ಬೇಕು ಎನ್ನುವವರು ಒಯ್ಯಬಹುದು. ಗೋಲ್ಡ್ ಫಿಶ್ ಬೌಲಿನಲ್ಲಿರುವ ಸಣ್ಣ ಮೀನಲ್ಲ, ಚೆನ್ನಾಗಿ ನೋಡಿಕೊಂಡರೆ 20 ಸೆಂಟಿಮೀಟರ್ ಮೀರುವ, ಹತ್ತು ಹದಿನೈದು ವರ್ಷ ಬಾಳುವ ಮೀನು. ಬ್ರಿಟನ್ನಿನ ಟಿಶ್ ಎಂಬ ಗೋಲ್ಡ್ ಫಿಶ್ 1999ರಲ್ಲಿ ಸತ್ತಾಗ ಅದಕ್ಕೆ 43 ವರ್ಷ. ಜೊತೆಗೆ ಅದು ತಂಪು ನೀರಿನ ಮೀನು, ಬೆಚ್ಚಗಿನ ನೀರಿನ ಟೆಟ್ರಾಗಳ ಜೊತೆ ಸೇರಿಸುವಂಥದ್ದಲ್ಲ. ಇಷ್ಟು ದಿನ ನಾವೇ ಸೇರಿಸಿ ಕೊಟ್ಟಿದ್ದೇವೆ, ಒಪ್ಪಿಕೊಳ್ಳುತ್ತೇವೆ.

ಗಾಜು ಕ್ಲೀನ್ ಮಾಡುತ್ತದೆಂದು ಎಲ್ಲರೂ ಒಯ್ಯುವ ಸಕ್ಕರ್ ಮೀನನ್ನೂ ಇನ್ನು ತರಿಸುವುದಿಲ್ಲ. ಬೆರಳುದ್ದ ಇರುವಾಗ ಮುದ್ದಾಗಿರುತ್ತದೆ. ಬೆಳೆದರೆ 40 ಸೆಂಟಿಮೀಟರ್ ದಾಟುತ್ತದೆ, ತಿಂದ ಪಾಚಿಗಿಂತ ಜಾಸ್ತಿ ಹೇಲುತ್ತದೆ. (ಕ್ಷಮಿಸಿ, ಅದಕ್ಕೆ ಬೇರೆ ಪದ ಸಿಗಲಿಲ್ಲ.) ಆಗ ಸಾಕಲಾಗದೆ ಜನ ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಹೀಗೇ ಎಷ್ಟೋ ದೇಶಗಳ ನದಿ ಕೆರೆಗಳಲ್ಲಿ ತಳವೂರಿ, ಅಲ್ಲಿನ ಮೀನುಗಳಿಗೆ ಜಾಗವಿಲ್ಲದಂತೆ ಮಾಡಿದೆ. ಯಾವ ಮೀನನ್ನೂ ಕೆರೆಗೆ ಬಿಡಬೇಡಿ. ಸಾಕಲಾಗದಿದ್ದರೆ ನಮಗೇ ತಂದುಕೊಡಿ, ಎಲ್ಲಿ ಕೊಂಡಿದ್ದರೂ ಸರಿ. ಪಾಚಿ ತಿನ್ನಲು ನೆರೈಟ್ ಬಸವನಹುಳು ಇದೆ. ಅದು ಸಿಹಿನೀರಿನಲ್ಲಿ ಮರಿ ಮಾಡಿ ಟ್ಯಾಂಕ್ ತುಂಬಿಸುವುದಿಲ್ಲ. ಒಂದು ನೆನಪಿರಲಿ: ತಾಮ್ರ ಸೇರಿದ ಔಷಧಿ ಬಸವನಹುಳು, ಸೀಗಡಿಗಳಿಗೆ ವಿಷ.

ನಿಮಗೆ ಕಾಯಿರಿ ಎನ್ನುವ ಮೊದಲು ನಾವೂ ಕಾಯಬೇಕಲ್ಲ. ಇನ್ನು ಮುಂದೆ ನಮ್ಮಲ್ಲಿಗೆ ಬರುವ ಪ್ರತಿ ಹೊಸ ಲಾಟನ್ನು ಮೂರು ವಾರ ಬೇರೆ ಟ್ಯಾಂಕಿನಲ್ಲಿಟ್ಟು ನೋಡಿಯೇ ಮಾರುತ್ತೇವೆ. ಬಿಳಿ ಚುಕ್ಕೆ ರೋಗ ಬಂದ ಮೀನನ್ನು ಕೊಂಡವರಿಗೆ ಇದರ ಬೆಲೆ ಗೊತ್ತು. ಚುಕ್ಕೆಯ ಒಳಗಿರುವ ಪರಾವಲಂಬಿಗೆ ಔಷಧಿ ತಾಗುವುದಿಲ್ಲ. ಅದು ಉದುರಿ, ಒಡೆದು, ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯಿಸಬಹುದು. ಅದಕ್ಕೇ ಚುಕ್ಕೆ ಹೋಯಿತೆಂದು ಔಷಧಿ ನಿಲ್ಲಿಸಿದವರಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ. "ಮಾರಾಟಕ್ಕಿಲ್ಲ" ಎಂದು ಚೀಟಿ ಅಂಟಿಸಿದ ಟ್ಯಾಂಕಿನ ಮೀನನ್ನು ದಯವಿಟ್ಟು ಕೇಳಬೇಡಿ. ನಮ್ಮ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗರಿಗೆ "ಇಲ್ಲ" ಎನ್ನುವುದು ಕಷ್ಟವಾಗುತ್ತದೆ.

ಬೇರೆ ಸಾಕುಪ್ರಾಣಿಗಳ ಬಗ್ಗೆ ಚುಟುಕಾಗಿ. ಗಿನಿಪಿಗ್ ಇನ್ನು ಒಂಟಿಯಾಗಿ ಕೊಡುವುದಿಲ್ಲ, ಅದು ಜೊತೆ ಬೇಡುವ ಪ್ರಾಣಿ. ನಮ್ಮಂತೆ ಅದರ ಮೈಯೂ ವಿಟಮಿನ್ ಸಿ ತಯಾರಿಸುವುದಿಲ್ಲ, ಆಹಾರದಲ್ಲೇ ಸಿಗಬೇಕು. ಲವ್ ಬರ್ಡ್ಸ್ ಒಯ್ಯುವವರನ್ನು ಪಂಜರ ಎಲ್ಲಿಡುತ್ತೀರಿ ಎಂದು ಕೇಳುತ್ತೇವೆ, ತಪ್ಪು ತಿಳಿಯಬೇಡಿ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದಾಗ ಬರುವ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಅಡುಗೆಮನೆ ಬೇಡ. ಕೆಂಪು ಕಿವಿಯ ಆಮೆಮರಿಗಳನ್ನು ಪೂರ್ತಿ ಬಿಟ್ಟೆವು. ನಾಣ್ಯದಷ್ಟಿರುವ ಮರಿ ಊಟದ ತಟ್ಟೆಯಷ್ಟಾಗುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ ಎಂದು ಹೇಳಿದ ಮೇಲೂ ಬೇಕು ಎಂದವರು ಇಷ್ಟು ವರ್ಷದಲ್ಲಿ ಇಬ್ಬರೇ.

ಈಗಾಗಲೇ ಟ್ಯಾಂಕ್ ನಡೆಸುತ್ತಿರುವವರಿಗೆ ಜಾಸ್ತಿ ಬದಲಾವಣೆಯಿಲ್ಲ. ನೀರು ತನ್ನಿ, ಟೆಸ್ಟ್ ಸರಿ ಬಂದರೆ ಅವತ್ತೇ ಮೀನು. ಒಂದೇ ಸಲಕ್ಕೆ ಇಪ್ಪತ್ತು ಕೊಡುವುದಿಲ್ಲ, ಐದಾರು ಒಯ್ದು ಎರಡು ವಾರ ಬಿಟ್ಟು ಬನ್ನಿ. ಬ್ಯಾಕ್ಟೀರಿಯಾಗಳು ಇರುವ ಅಮೋನಿಯಾಗೆ ತಕ್ಕಷ್ಟೇ ಬೆಳೆದಿರುತ್ತವೆ, ಒಮ್ಮೆಗೇ ಹೊರೆ ಹಾಕಿದರೆ ಅವಕ್ಕೂ ಆಗುವುದಿಲ್ಲ. ಕವರಿನ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಕವರನ್ನು ಹದಿನೈದು ಇಪ್ಪತ್ತು ನಿಮಿಷ ತೇಲಿಬಿಟ್ಟು, ಬಲೆಯಲ್ಲಿ ಮೀನು ಮಾತ್ರ ಎತ್ತಿ ಬಿಡಿ.

ಮುಂಗಡ ಕೊಟ್ಟವರಿಗೆ ಎರಡು ದಾರಿ. ದುಡ್ಡು ವಾಪಸ್ ಬೇಕಾದರೆ ಪೂರ್ತಿ ಕೊಡುತ್ತೇವೆ. ಇಲ್ಲವಾದರೆ ನಿಮ್ಮ ಮೀನನ್ನು ನೀವೇ ಆರಿಸಿ, ನಿಮ್ಮ ಟ್ಯಾಂಕ್ ತಯಾರಾಗುವವರೆಗೆ ನಮ್ಮಲ್ಲೇ ಇಟ್ಟು ನೋಡಿಕೊಳ್ಳುತ್ತೇವೆ. ಗಾಜಿನ ಮೇಲೆ ನಿಮ್ಮ ಮಗುವಿನ ಹೆಸರು ಬರೆದು ಅಂಟಿಸುತ್ತೇವೆ. ಸಂಜೆ ಬಂದು ನೋಡಿಕೊಂಡು ಹೋಗಬಹುದು, ಆಹಾರ ಹಾಕಬಹುದು. ಒಂದು ಚಿಟಿಕೆ, ಅಷ್ಟೇ.

ನೀರು ತರುವಾಗ ಸೋಪು ತಾಗದ ಸಣ್ಣ ಬಾಟಲಿ ಇರಲಿ. ಅರ್ಧ ಲೋಟದಷ್ಟು ಸಾಕು. ಟ್ಯಾಂಕಿನ ಮಧ್ಯದಿಂದ ತುಂಬಿ, ಅವತ್ತೇ ತನ್ನಿ. ಹಿಂದಿನ ದಿನದ್ದಾದರೆ ಟೆಸ್ಟ್ ಸರಿಯಾಗಿ ಬರುವುದಿಲ್ಲ. ಬಾಟಲಿಯ ಮೇಲೆ ಹೆಸರು ಬರೆಯುವುದನ್ನು ಮರೆಯಬೇಡಿ, ಮೊನ್ನೆ ಕೌಂಟರಿನ ಮೇಲೆ ಒಂದೇ ಥರದ ಆರು ಬಾಟಲಿಗಳಿದ್ದವು.

ಇತಿ,
ನಿಮ್ಮ ಮೀನಿನ ಅಂಗಡಿಯವರು