ಕಾವಲು ಪಾಳು ಜಮೀನಲ್ಲ

ಮಾನ್ಯರೇ,

ಅಮೃತಮಹಲ್ ತಳಿಯ ದನಗಳ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳಾದ ಅಮೃತಮಹಲ್ ಕಾವಲುಗಳ ಸುದ್ದಿ ಬಂದಾಗಲೆಲ್ಲ ‘ಪಾಳು ಬಿದ್ದಿರುವ ಸರ್ಕಾರಿ ಜಮೀನು’ ಎಂಬ ಮಾತು ತಪ್ಪದೆ ಜೊತೆಗಿರುತ್ತದೆ. ಬೇಸಿಗೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಹಾಗೆ ಕಂಡೀತು: ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಎರಡು ಹದ ಮಳೆಯಾದ ಮೇಲೆ ಅವರು ಇನ್ನೊಮ್ಮೆ ಇತ್ತ ಬರಲಿ.

ಈ ಹುಲ್ಲು ತಾನಾಗಿ ಉಳಿದದ್ದಲ್ಲ, ಉಳಿಸಿಕೊಂಡು ಬಂದದ್ದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಒದಗಿಸುತ್ತಿದ್ದ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದೇ ಹೆಸರು. ಹೈದರಾಲಿ ಆ ಇಲಾಖೆಯ ದನಗಳ ತಳಿಯ ಎತ್ತುಗಳನ್ನು ಫಿರಂಗಿಗೆ ಹೂಡಿದ. ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ಸಾಗಿದ್ದು ಅವುಗಳ ಹೆಗಲ ಬಲದಿಂದ. ಅಮೃತಮಹಲ್ ಎಂಬ ಹೆಸರು ಟಿಪ್ಪು ಇಟ್ಟದ್ದು. 1799ರ ನಂತರ ಮಂದೆ ಬ್ರಿಟಿಷರ ಪಾಲಾಯಿತು. 1860ರಲ್ಲಿ ಮದ್ರಾಸ್ ಸರ್ಕಾರ ಖರ್ಚು ಉಳಿಸಲು ಹೋಗಿ ಮಂದೆಯನ್ನೇ ಮಾರಿಬಿಟ್ಟಿತು. ಸೇನೆಗೆ ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು! ಮಾರುವುದು ಸುಲಭ ನೋಡಿ.

ಹಿಂದೆ ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆಯಿದ್ದವು. ನೀರು, ನೆರಳು ಇರುವ ಕೆರೆಯಂಗಳಗಳು ಬೇಸಿಗೆಗೆ ಮೀಸಲು. ಮಂದೆ ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರುತ್ತಿತ್ತು. ಹೊರಗಿನವರಿಗೆ ಖಾಲಿಯಾಗಿ ಕಂಡದ್ದು ಬಿಡುವಿನಲ್ಲಿದ್ದ ಕಾವಲು, ಅಷ್ಟೇ.

ಇಂದಿಗೂ ಮಳೆಗಾಲ ಮುಗಿದ ಮೇಲೆ ನಮ್ಮೂರ ಹೆಂಗಸರು ಕಾವಲಿನಲ್ಲಿ ಹಂಚಿ ಹುಲ್ಲಿನ ಕಡ್ಡಿ ಕೊಯ್ಯುತ್ತಾರೆ. ಹಿಡಿಯಷ್ಟು ಕಟ್ಟನ್ನು ಬಂಡೆಗೆ ಬಡಿದು ಸಿಪ್ಪೆ ಉದುರಿಸಿ, ಬುಡ ಸಮ ಮಾಡಿ ಪೊರಕೆ ಕಟ್ಟುತ್ತಾರೆ. ಹೋದ ವರ್ಷ ಅದೇ ಜಾಗದಲ್ಲಿ ಹಸಿರೀಕರಣದ ಹೆಸರಿನಲ್ಲಿ ಸಾಲುಗುಂಡಿ ತೋಡಿ ಅಕೇಶಿಯಾ ನೆಟ್ಟರು. ಹುಲ್ಲು ಹಸಿರಲ್ಲವೇ? ಮರದ ನೆರಳು ದಟ್ಟವಾದರೆ ಅದರಡಿ ಹಂಚಿ ಹುಲ್ಲು ಏಳುವುದಿಲ್ಲ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದು ಕೃಷ್ಣಮೃಗಗಳಿಗಾಗಿ. ಅವಕ್ಕೆ ಬೇಕಾದದ್ದು ಓಡುವ ಬಯಲು, ತೋಪಲ್ಲ. ಅತ್ತ ಚಳ್ಳಕೆರೆಯ ಕುದಾಪುರ ಕಡೆ ಸಾವಿರಾರು ಎಕರೆ ಕಾವಲು ಸಂಶೋಧನಾ ಸಂಸ್ಥೆಗಳಿಗೆ ಹೋದಾಗಲೂ, ಸುತ್ತಲ ಹಳ್ಳಿಗಳ ಕುರಿ ದನ ಎಲ್ಲಿ ಮೇಯಬೇಕೆಂಬ ಪ್ರಶ್ನೆ ಎದ್ದದ್ದು ತಡವಾಗಿ.

ಮುಂದಿನ ಸಲ ನಿಮ್ಮ ವರದಿಗಾರರು ‘ಪಾಳು’ ಎಂದು ಬರೆಯುವ ಮೊದಲು ಆ ಜಾಗದ ಪಹಣಿ ತೆಗೆಸಿ ನೋಡಲಿ, ಅಲ್ಲಿ ಯಾವ ಊರಿನ ದನ ಮೇಯುತ್ತವೆಂದು ಒಬ್ಬ ದನಗಾಹಿಯನ್ನಾದರೂ ಕೇಳಲಿ.

– ಓದುಗ, ಅಜ್ಜಂಪುರ ಸೀಮೆ