ಮಳೆ ಬಂದರೆ ಕ್ಯಾಡಿಗಳಿಗೆ ಕೂಲಿಯಿಲ್ಲ

ಮಾನ್ಯ ಸಂಪಾದಕರೇ,

ಮುಂಬೈನ ಗಾಲ್ಫ್ ಮೈದಾನಗಳಲ್ಲಿ ಆಟಗಾರರ ಬ್ಯಾಗ್ ಹೊತ್ತು ದುಡಿಯುವ ಕ್ಯಾಡಿಗಳಿಗೆ ಮಳೆಗಾಲ ಬಂತೆಂದರೆ ಕೈಯಲ್ಲಿ ಕಾಸಿರುವುದಿಲ್ಲ.

ನಮ್ಮ ಚಾಳಿನಲ್ಲಿ ಯಾದಗಿರಿ ಕಡೆಯ ಹುಡುಗನೊಬ್ಬ ಈ ಕೆಲಸಕ್ಕೆ ಹೋಗುತ್ತಾನೆ. ಬೆಳಗಿನ ಜಾವ ಐದಕ್ಕೇ ಹೋಗಿ ಸರದಿಗೆ ಕಾಯಬೇಕು. ಸಿಕ್ಕರೆ ಒಂದು ರೌಂಡು. ಅಂದರೆ ಚೆಂಡು ಬೀಳಿಸುವ 18 ಕುಳಿ (ಹೋಲ್), ನಾಲ್ಕು ಗಂಟೆಗೂ ಜಾಸ್ತಿ ನಡಿಗೆ. ಬ್ಯಾಗಿನಲ್ಲಿ ಚೆಂಡು ಹೊಡೆಯುವ ಕೋಲುಗಳು 14ರವರೆಗೆ ಇರುತ್ತವೆ. ಅವನ ಎಡಭುಜದ ಮೇಲೆ ಬ್ಯಾಗಿನ ಪಟ್ಟಿಯ ಗುರುತು ಕಪ್ಪಗೆ ಕೂತುಬಿಟ್ಟಿದೆ. ಸುಮ್ನೆ ಹೊರುವ ಕೆಲಸವೂ ಅಲ್ಲ. ಹುಲ್ಲಿನ ಇಳಿಜಾರು ನೋಡಿ ಚೆಂಡು ಎತ್ತ ತಿರುಗುತ್ತದೆ ಎಂದೂ ಹೇಳಬೇಕು. ಸಂಬಳವಿಲ್ಲ, ರೌಂಡಿಗಿಷ್ಟು ಎಂದು ಕೂಲಿ. ಮೈದಾನದಲ್ಲಿ ನೀರು ನಿಂತ ದಿನ ಅದೂ ಇಲ್ಲ. ಕಳೆದ ಜುಲೈನಲ್ಲಿ ಮನೆ ಬಾಡಿಗೆಗೆ ಸಾಲ ಮಾಡಿದ.

ವಿದೇಶದ ದೊಡ್ಡ ಟೂರ್ನಿಗಳಲ್ಲಿ ಆಟಗಾರ ಗೆದ್ದರೆ ಕ್ಯಾಡಿಗೆ ಬಹುಮಾನದ ಸುಮಾರು ಶೇ 10ರಷ್ಟು ಕೊಡುವ ರೂಢಿಯಿದೆ. ಇಲ್ಲಿ ಅಷ್ಟನ್ನು ಯಾರೂ ಕೇಳುತ್ತಿಲ್ಲ. ಆದರೂ ಕ್ಯಾಡಿಗಳನ್ನು ಕಡೆಗಣಿಸುವಂತಿಲ್ಲ. 1991ರಲ್ಲಿ ಇಂಡಿಯನ್ ಓಪನ್ ಗಾಲ್ಫ್ ಟೂರ್ನಿ ಗೆದ್ದ ಅಲಿ ಶೇರ್ ಕೂಡ ಒಂದು ಕಾಲಕ್ಕೆ ಕ್ಯಾಡಿಯೇ ಅಲ್ವಾ?

ಮೈದಾನ ನಡೆಸುವ ಕ್ಲಬ್‌ಗಳು ಪ್ರತಿ ರೌಂಡಿನ ಶುಲ್ಕದ ಜೊತೆ ಸ್ವಲ್ಪ ಹಣ ಪಡೆದು ಕೂಡಿಡಲಿ. ಆಟ ನಿಂತ ದಿನಗಳಲ್ಲಿ ಕ್ಯಾಡಿಗಳಿಗೆ ಅದರಿಂದ ಅರ್ಧ ಕೂಲಿಯನ್ನಾದರೂ ಕೊಡಲಿ.

– ಓರ್ವ ಓದುಗ, ಮುಂಬೈ