ವಯಸ್ಸಾದ ಸ್ಟಾರ್‌ಗೆ ಕೋಟಿ ಸುರಿಯೋ ಮುಂಚೆ ಈ ಲೆಕ್ಕಾನೂ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಒಂದು ಬರಹ ಬಂದಿತ್ತು, ಮೂವತ್ಮೂರು ಮೂವತ್ನಾಲ್ಕು ದಾಟಿದ ದೊಡ್ಡ ಫುಟ್‌ಬಾಲ್ ಸ್ಟಾರ್ ಕೈಗೆ ಸಿಗ್ತಾನೆ ಅಂದ್ರೆ ಕ್ಲಬ್‌ನವರು ದುಡ್ಡಿನ ಮುಖ ನೋಡಬಾರ್ದು, ಆನೆ ಇದ್ರೂ ಸಾವಿರ ಸತ್ರೂ ಸಾವಿರ ಅನ್ನೋ ಹಾಗೆ ಅಂಥವರ ಹೆಸರೇ ತಂಡಕ್ಕೆ ಆಸ್ತಿ ಅಂತ. ಎರಡು ಸಲ ಓದಿದೆ. ಬರೆದವರಿಗೆ ಆಟದ ಮೇಲೆ ಪ್ರೀತಿ ಇದೆ ಅನ್ನೋದು ಗೊತ್ತಾಗುತ್ತೆ, ಆದ್ರೆ ಆ ಮಾತನ್ನ ನಾನು ಒಪ್ಪಲ್ಲ, ಯಾಕೆ ಒಪ್ಪಲ್ಲ ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು ಅನ್ನಿಸ್ತು.

ಮೊದಲೇ ಹೇಳಿಬಿಡ್ತೀನಿ, ವಯಸ್ಸಾದ ಆಟಗಾರರು ಬೇಡ ಅನ್ನೋದು ನನ್ನ ವಾದ ಅಲ್ಲ. ಡೀನೋ ಜೋಫ್ 1982ರಲ್ಲಿ 40ನೇ ವಯಸ್ಸಲ್ಲಿ ಇಟಲಿಗೆ ವಿಶ್ವಕಪ್ ಎತ್ತಿದ್ರು, ಲೂಕಾ ಮಾಡ್ರಿಚ್ 33ನೇ ವಯಸ್ಸಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡೋ ಬ್ಯಾಲನ್ ಡಿ ಓರ್ ಗೆದ್ದು ಆಮೇಲೂ ವರ್ಷಗಟ್ಟಲೆ ರಿಯಲ್ ಮ್ಯಾಡ್ರಿಡ್‌ನ ಮಿಡ್‌ಫೀಲ್ಡಲ್ಲಿ ಆಡಿದ್ರು, ಅವರು ಬಾಲ್ ತಿರುಗಿಸೋದನ್ನ ನೋಡೋಕೆ ಎಷ್ಟು ರಾತ್ರಿ ನಿದ್ದೆ ಬಿಟ್ಟಿದ್ದೀನೋ ಲೆಕ್ಕ ಇಟ್ಟಿಲ್ಲ. ನನ್ನ ತಕರಾರು ಇರೋದು ಆ "ದುಡ್ಡಿನ ಮುಖ ನೋಡಬಾರ್ದು" ಅನ್ನೋ ಮಾತಿನ ಬಗ್ಗೆ. ಆಟಗಾರ ಈಗಾಗ್ಲೇ ಆಡಿ ಮುಗಿಸಿದ ಸೀಸನ್‌ಗಳಿಗೆ ಹಳೇ ಕ್ಲಬ್ ಸಂಬಳ ಕೊಟ್ಟಾಗಿದೆ, ಹೊಸ ಕ್ಲಬ್ ಕೊಡ್ಬೇಕಾಗಿರೋದು ಇನ್ನು ಮುಂದೆ ಆಡೋ ಸೀಸನ್‌ಗಳಿಗೆ, ಆದ್ರೆ ಹೆಚ್ಚಿನ ಸಲ ನಡೆಯೋದು ಉಲ್ಟಾ, ಹಳೇ ವಿಡಿಯೋ ನೋಡಿ ರೇಟ್ ಕಟ್ತಾರೆ.

ಇಟಲಿಯ ಯುವೆಂಟಸ್ ಕ್ಲಬ್ ಕಥೆಯನ್ನೇ ತಗೊಳ್ಳಿ, ಯಾಕಂದ್ರೆ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. 2018ರಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊಗೆ 33 ವರ್ಷ ಆಗಿದ್ದಾಗ ಮ್ಯಾಡ್ರಿಡ್‌ಗೆ 10 ಕೋಟಿ ಯುರೋ ಫೀ, ಅಂದ್ರೆ ಆಟಗಾರನ್ನ ಬಿಟ್ಟುಕೊಡೋದಕ್ಕೆ ಹಳೇ ಕ್ಲಬ್‌ಗೆ ಕೊಡೋ ದುಡ್ಡು, ಕೊಟ್ಟು ನಾಲ್ಕು ವರ್ಷದ ಕಾಂಟ್ರಾಕ್ಟ್ ಮಾಡ್ಕೊಂಡ್ರು, ವರ್ಷಕ್ಕೆ ಕೈಗೆ ಸಿಗೋ ಸಂಬಳವೇ ಸುಮಾರು 3 ಕೋಟಿ ಯುರೋ ಅಂತ ಆಗ ಎಲ್ಲಾ ಕಡೆ ಸುದ್ದಿ ಆಗಿತ್ತು, ಟ್ಯಾಕ್ಸ್ ಸೇರಿಸಿದ್ರೆ ಕ್ಲಬ್ ಮೇಲೆ ಬಿದ್ದದ್ದು ಇನ್ನೂ ಜಾಸ್ತಿ. ಯಾತಕ್ಕೆ ತಗೊಂಡ್ರು? ಇಟಲಿಯ ಲೀಗ್ ಗೆಲ್ಲೋಕಲ್ಲ, ಅದನ್ನ ಅವರು ಆಗ್ಲೇ ಸತತ ಏಳು ವರ್ಷದಿಂದ ಗೆಲ್ತಾ ಇದ್ರು. ಬೇಕಾಗಿದ್ದು ಚಾಂಪಿಯನ್ಸ್ ಲೀಗ್, ಯೂರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ. ರೊನಾಲ್ಡೊ ಇಲ್ಲದೇನೇ 2015ರಲ್ಲಿ ಒಂದ್ಸಲ 2017ರಲ್ಲಿ ಒಂದ್ಸಲ ಫೈನಲ್ ಮುಟ್ಟಿದ್ದ ತಂಡ ಅದು, ಅವರು ಬಂದ್ಮೇಲೆ ಮೂರು ವರ್ಷದಲ್ಲಿ ಸೆಮಿಫೈನಲ್ ಕೂಡ ಕಾಣಲಿಲ್ಲ. 2019ರಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಅಯಾಕ್ಸ್ ಕೈಲಿ ಸೋತ್ರು, ಮುಂದಿನ ವರ್ಷ ಲಿಯೋನ್, ಅದರ ಮುಂದಿನ ವರ್ಷ ಪೋರ್ಟೊ. ರೊನಾಲ್ಡೊ ಆಡಲಿಲ್ವಾ ಅಂದ್ರೆ, ಆಡಿದ್ರು, 134 ಪಂದ್ಯಕ್ಕೆ 101 ಗೋಲು, ಅದನ್ನ ಯಾರೂ ಅಲ್ಲಗಳೆಯೋಕೆ ಆಗಲ್ಲ. ಮನುಷ್ಯ ತನ್ನ ಕೆಲಸ ಮಾಡಿದ, ಸುತ್ತಲಿನ ತಂಡ ಸೊರಗ್ತಾ ಹೋಯ್ತು. 2021ರಲ್ಲಿ ಒಂಬತ್ತು ವರ್ಷದ ಟೈಟಲ್ ಸರಣಿಯೂ ಮುರಿದು ನಾಲ್ಕನೇ ಸ್ಥಾನಕ್ಕೆ ಇಳಿದ್ರು, ಆ ಆರ್ಥಿಕ ವರ್ಷದಲ್ಲಿ ಕ್ಲಬ್‌ಗೆ ಸುಮಾರು 21 ಕೋಟಿ ಯುರೋ ನಷ್ಟ ಆಯ್ತು. ಕೊರೊನಾದಿಂದ ಖಾಲಿ ಇದ್ದ ಸ್ಟೇಡಿಯಂ ಕೂಡ ಅದಕ್ಕೆ ಕಾರಣ, ಎಲ್ಲಾನೂ ಒಬ್ಬರ ತಲೆ ಮೇಲೆ ಹೊರಿಸೋದು ತಪ್ಪು, ಆದ್ರೆ ಕಷ್ಟದ ವರ್ಷ ಬಂದಾಗ ಇಷ್ಟು ದೊಡ್ಡ ಸಂಬಳ ಕಟ್ಟಿಕೊಂಡಿರೋ ಕ್ಲಬ್‌ಗೆ ಅತ್ತಿತ್ತ ಅಲ್ಲಾಡೋಕೂ ಜಾಗ ಇರಲ್ಲ.

ಇಲ್ಲಿ ಲೆಕ್ಕದ ವಿಷಯ ಒಂದು ಹೇಳ್ಲೇಬೇಕು. ಕ್ಲಬ್‌ಗಳು ಟ್ರಾನ್ಸ್‌ಫರ್ ಫೀಯನ್ನ ಒಂದೇ ಸಲ ಖರ್ಚಿಗೆ ಬರೆಯಲ್ಲ, ಕಾಂಟ್ರಾಕ್ಟ್ ಎಷ್ಟು ವರ್ಷವೋ ಅಷ್ಟಕ್ಕೆ ಹಂಚಿ ಬರೀತಾರೆ, ಅಂದ್ರೆ 10 ಕೋಟಿ ನಾಲ್ಕು ವರ್ಷಕ್ಕಾದ್ರೆ ವರ್ಷಕ್ಕೆ 2.5 ಕೋಟಿ. ಆಟಗಾರ 22 ವರ್ಷದವನಾದ್ರೆ ಮೂರು ವರ್ಷ ಆಡಿಸಿ ಮಾರಿದಾಗ ಹಾಕಿದ ದುಡ್ಡು ವಾಪಸ್ ಬರೋ ಚಾನ್ಸ್ ಇರುತ್ತೆ, 33ರವನಾದ್ರೆ ಆ ಬಾಗಿಲೇ ಮುಚ್ಚಿರುತ್ತೆ. ಮೂರು ವರ್ಷ ಆದ್ಮೇಲೆ ರೊನಾಲ್ಡೊನ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಿಟ್ಟುಕೊಟ್ಟಾಗ ಯುವೆಂಟಸ್‌ಗೆ ಖಾತ್ರಿಯಾಗಿ ಸಿಕ್ಕಿದ್ದು 1.5 ಕೋಟಿ ಯುರೋ, ಅದರ ಮೇಲೆ ಷರತ್ತಿನ ಬೋನಸ್ ಒಂದಿಷ್ಟು. ಈಗ ಅದೇ ಕ್ಲಬ್‌ನ ಇನ್ನೊಂದು ಡೀಲ್ ನೋಡಿ. 2019ರಲ್ಲಿ ಅಯಾಕ್ಸ್ ಬಂದು ಟ್ಯೂರಿನ್‌ನಲ್ಲಿ ಇವರನ್ನ ಸೋಲಿಸಿತಲ್ಲ, ಆ ಗೆಲುವಿನ ಗೋಲು ಹೆಡರ್ ಹೊಡೆದವನು 19 ವರ್ಷದ ಕ್ಯಾಪ್ಟನ್ ಮಥೈಸ್ ಡಿ ಲಿಖ್ಟ್, ಡಿಫೆಂಡರ್. ಆ ಬೇಸಿಗೆಯಲ್ಲೇ ಯುವೆಂಟಸ್ ಅವನನ್ನ 7.5 ಕೋಟಿಗೆ ತಗೊಂಡ್ರು, ಮೂರು ಸೀಸನ್ ಆಡಿಸಿದ್ರು, 2022ರಲ್ಲಿ ಬಯರ್ನ್‌ಗೆ 6.7 ಕೋಟಿ ಪ್ಲಸ್ ಬೋನಸ್‌ಗೆ ಮಾರಿದ್ರು. ಎರಡೂ ದುಬಾರಿ ಡೀಲೇ, ಎರಡರಲ್ಲೂ ಮೂರು ಮೂರು ವರ್ಷದ ಆಟ ಸಿಕ್ತು, ಆದ್ರೆ ಒಂದರಲ್ಲಿ ಹೆಚ್ಚುಕಮ್ಮಿ ಹಾಕಿದ್ದು ವಾಪಸ್ ಬಂತು, ಇನ್ನೊಂದರಲ್ಲಿ ಕರಗಿ ಹೋಯ್ತು.

ದುಡ್ಡಿನದ್ದು ಹಾಗಿರ್ಲಿ, ನನಗೆ ಹೆಚ್ಚು ಸಂಕಟ ಆಗೋದು ಮೈದಾನದಲ್ಲಿ ಆಗೋ ನಷ್ಟ ನೋಡಿ. ಇದು ಸ್ಕೋರ್‌ಕಾರ್ಡಲ್ಲಿ ಕಾಣಲ್ಲ, ಅದಕ್ಕೇ ಯಾರೂ ಮಾತಾಡಲ್ಲ. ಈಗಿನ ಫುಟ್‌ಬಾಲಲ್ಲಿ ಬಾಲ್ ಕಳ್ಕೊಂಡ ಕ್ಷಣದಿಂದ ಮುಂದಿನ ಸಾಲಿನವರೇ ಓಡಿ ಪ್ರೆಸ್ ಮಾಡ್ಬೇಕು, ಅಂದ್ರೆ ಎದುರಾಳಿ ಮೇಲೆ ಬಿದ್ದು ಬಾಲ್ ಕಿತ್ಕೊಳ್ಳೋಕೆ ನೋಡ್ಬೇಕು, ಒಬ್ಬ ನಿಂತುಬಿಟ್ರೆ ಅವನ ಹಿಂದಿರೋ ಇಬ್ಬರು ಅವನ ಪಾಲನ್ನೂ ಓಡ್ಬೇಕು, ಎಪ್ಪತ್ತನೇ ನಿಮಿಷಕ್ಕೆ ಅವರಿಬ್ಬರ ಕಾಲೂ ಸೋತಿರುತ್ತೆ, ಆಮೇಲೆ ಗೋಲು ಬಿದ್ದಾಗ ಬೈಸ್ಕೊಳ್ಳೋದು ಡಿಫೆಂಡರು. ಯುನೈಟೆಡ್ 2020-21ರಲ್ಲಿ 74 ಪಾಯಿಂಟ್ ತಗೊಂಡು ಎರಡನೇ ಸ್ಥಾನದಲ್ಲಿತ್ತು, ಲೀಗಲ್ಲಿ 73 ಗೋಲು ಹೊಡೆದಿದ್ರು. ರೊನಾಲ್ಡೊ ಬಂದ 2021-22ರಲ್ಲಿ ಅವರೊಬ್ಬರೇ ಲೀಗಲ್ಲಿ 18 ಗೋಲು ಹೊಡೆದ್ರು, ತಂಡದ ಒಟ್ಟು ಗೋಲು 57ಕ್ಕೆ ಇಳೀತು, 58 ಪಾಯಿಂಟ್, ಆರನೇ ಸ್ಥಾನ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಶುರುವಾದ್ಮೇಲೆ ಅಲ್ಲಿವರೆಗೆ ಆ ಕ್ಲಬ್ ಅಷ್ಟು ಕಮ್ಮಿ ಪಾಯಿಂಟ್ ತಗೊಂಡೇ ಇರಲಿಲ್ಲ. ಆ ವರ್ಷ ಕೋಚ್ ಬದಲಾದ್ರು, ಇನ್ನೂ ಹತ್ತು ತೊಂದರೆ ಇತ್ತು, ನಿಜ. ಆದ್ರೂ 18 ಗೋಲಿನವನು ಬಂದು ತಂಡದ ಗೋಲು 16 ಕಮ್ಮಿ ಆಯ್ತಲ್ಲ, ಅದನ್ನ ಒಂದು ಕ್ಷಣ ನಿಂತು ಯೋಚನೆ ಮಾಡ್ಬೇಕು.

ಇದಕ್ಕೆ ಇನ್ನೊಂದು ಕಡೆಯ ಸಾಕ್ಷಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್‌ದು. ಮೆಸ್ಸಿ, ನೇಮಾರ್, ಎಂಬಾಪೆ ಮೂವರೂ ಒಟ್ಟಿಗಿದ್ದ ಎರಡು ಸೀಸನ್‌ನಲ್ಲಿ ಪಿಎಸ್‌ಜಿ ಫ್ರಾನ್ಸ್‌ನ ಲೀಗ್ ಗೆಲ್ತು ಸರಿ, ಆದ್ರೆ ಚಾಂಪಿಯನ್ಸ್ ಲೀಗಲ್ಲಿ ಎರಡೂ ಸಲ ಹದಿನಾರು ತಂಡ ಉಳಿಯೋ ಘಟ್ಟದಲ್ಲೇ ಮನೆಗೆ ಬಂತು. ಮೆಸ್ಸಿ ಬಂದಾಗ 34 ವರ್ಷ, ಟ್ರಾನ್ಸ್‌ಫರ್ ಫೀ ಇರಲಿಲ್ಲ, ಆದ್ರೂ ಆ ಸಂಬಳ ಎಲ್ಲರ ಕೈಲಿ ಆಗೋದಲ್ಲ. ಮೂವರೂ ಒಬ್ಬೊಬ್ಬರಾಗಿ ಹೋದ್ಮೇಲೆ 2025ರ ಮೇ 31ಕ್ಕೆ ಮ್ಯೂನಿಕ್‌ನಲ್ಲಿ ಅದೇ ಕ್ಲಬ್ ಇಂಟರ್ ಮಿಲಾನ್‌ನ 5-0 ಹೊಡೆದು ಮೊದಲ ಸಲ ಕಪ್ ಎತ್ತಿತು, ಎರಡು ಗೋಲು ಹೊಡೆದವನು 19 ವರ್ಷದ ಡೆಸಿರೆ ದುವೆ, ಮುಂದೆ ನಿಂತಿದ್ದ ಹೊಸ ಮೂವರೂ ನಾಯಿ ಮೊಲ ಅಟ್ಟೋ ಹಾಗೆ ಎದುರಾಳಿನ ಅಟ್ತಾ ಇದ್ರು. ಮೆಸ್ಸಿಯಂಥವರು ನೂರು ವರ್ಷಕ್ಕೊಬ್ರು, ನನಗೂ ಪ್ರಾಣ. ಆದ್ರೆ ತಂಡ ಅನ್ನೋದು ಬೇರೇನೇ ಲೆಕ್ಕ.

ಎದುರು ವಾದ ಮಾಡೋರು ಅರ್ಜೆಂಟೀನಾದ ಸ್ಟ್ರೈಕರ್ ಬಟಿಸ್ಟುಟಾ ಹೆಸರು ಹೇಳ್ತಾರೆ, ಹೇಳ್ಲೇಬೇಕು. 2000ದಲ್ಲಿ ರೋಮಾ ಕ್ಲಬ್ 31 ವರ್ಷದ ಬಟಿಸ್ಟುಟಾಗೆ 7,000 ಕೋಟಿ ಲಿರಾ ಕೊಟ್ಟಿತು, ಆ ಕಾಲಕ್ಕೆ ತಲೆ ತಿರುಗೋ ದುಡ್ಡು, ಅವರು ಲೀಗಲ್ಲಿ 20 ಗೋಲು ಹೊಡೆದ್ರು, ರೋಮಾ ಎರಡೇ ಪಾಯಿಂಟ್ ಅಂತರದಲ್ಲಿ ಚಾಂಪಿಯನ್ ಆಯ್ತು. ರಾಬಿನ್ ವಾನ್ ಪರ್ಸಿ 2012ರಲ್ಲಿ 29ಕ್ಕೆ ಯುನೈಟೆಡ್‌ಗೆ ಬಂದು 26 ಲೀಗ್ ಗೋಲು ಹೊಡೆದು ಟೈಟಲ್ ಕೊಡಿಸಿದ್ರು. ಲೆವಾಂಡೊಸ್ಕಿ 2022ರಲ್ಲಿ 33ಕ್ಕೆ ಸುಮಾರು 4.5 ಕೋಟಿ ಯುರೋಗೆ ಬಾರ್ಸಿಲೋನಾ ಸೇರಿ ಮೊದಲ ವರ್ಷವೇ 23 ಗೋಲು ಹೊಡೆದು ಲೀಗ್ ಗೆಲ್ಲಿಸಿದ್ರು. ಮೂರೂ ಸಾರ್ಥಕವಾದ ಡೀಲ್‌ಗಳೇ, ನಾನು ಇಲ್ಲ ಅನ್ನಲ್ಲ. ಆದ್ರೆ ರೋಮಾದಲ್ಲಿ ಆಗ್ಲೇ ಟೊಟ್ಟಿ ಇದ್ರು, ಕಫು ಇದ್ರು, ಎಲ್ಲಾ ರೆಡಿ ಇದ್ದ ಮನೆಗೆ ಕಳಶ ಇಟ್ಟ ಹಾಗೆ ಬಟಿಸ್ಟುಟಾ ಬಂದ್ರು. ಅದರ ಮುಂದಿನ ವರ್ಷವೇ ಅವರ ಲೀಗ್ ಗೋಲು 6ಕ್ಕೆ ಇಳೀತು, ಮೊಣಕಾಲು ಹಿಂಡಿಬಿಟ್ಟಿತ್ತು. ಅಂದ್ರೆ ಸಿಕ್ಕಿದ್ದು ಒಂದೇ ವರ್ಷ, ಆ ಒಂದು ವರ್ಷವೇ ಸಾಕು ಅಂತ ಇದ್ದ ಕ್ಲಬ್‌ಗೆ ಅದು ಸರಿ. ಅಡಿಪಾಯ ಇಲ್ಲದ ತಂಡದವರು ಕಳಶ ಮೊದಲು ತಂದ್ರೆ ಅದನ್ನ ಎಲ್ಲಿ ಇಡೋದು?

ಇನ್ನು ಅನುಭವಕ್ಕೆ ಬೆಲೆ ಕಟ್ಟೋಕಾಗಲ್ಲ ಅನ್ನೋ ಮಾತು. ಅನುಭವ ಬೇಕು ಅಂದ್ರೆ ಅದು ಎಷ್ಟು ಸಲ ಫೀ ಇಲ್ಲದೇ ಸಿಕ್ಕಿದೆ ನೋಡಿ! 2011ರಲ್ಲಿ ಮಿಲಾನ್‌ನವರು ಮೂವತ್ತು ದಾಟಿದವರಿಗೆ ಒಂದೊಂದೇ ವರ್ಷದ ಕಾಂಟ್ರಾಕ್ಟ್ ಅಂತ ಕೂತ್ರು, 32 ವರ್ಷದ ಆಂಡ್ರಿಯಾ ಪಿರ್ಲೊ ಎದ್ದು ಹೊರಟು ಯುವೆಂಟಸ್ ಸೇರಿದ್ರು, ಟ್ರಾನ್ಸ್‌ಫರ್ ಫೀ ಸೊನ್ನೆ. ಅದಕ್ಕೆ ಮುಂಚೆ ಎರಡು ವರ್ಷ ಏಳನೇ ಸ್ಥಾನದಲ್ಲಿ ಒದ್ದಾಡ್ತಿದ್ದ ಯುವೆಂಟಸ್ ಮೊದಲ ವರ್ಷವೇ ಲೀಗಲ್ಲಿ ಒಂದೂ ಸೋಲಿಲ್ಲದೇ ಗೆದ್ದಿತು, ಪಿರ್ಲೊ ಇದ್ದ ನಾಲ್ಕಕ್ಕೆ ನಾಲ್ಕು ವರ್ಷವೂ ಟೈಟಲ್. 2020ರಲ್ಲಿ ತಿಯಾಗೊ ಸಿಲ್ವಾ 35 ದಾಟಿದ್ದಾಗ ಚೆಲ್ಸಿ ಫೀ ಇಲ್ಲದೇ ಒಂದು ವರ್ಷಕ್ಕೆ ತಗೊಂಡ್ರು, ಇನ್ನೊಂದು ವರ್ಷ ಬೇಕಾದ್ರೆ ಮುಂದುವರಿಸೋ ಷರತ್ತು ಇಟ್ಕೊಂಡ್ರು, ಮೊದಲ ಸೀಸನ್‌ಗೇ ಚಾಂಪಿಯನ್ಸ್ ಲೀಗ್ ಬಂತು. ಜ್ಲಾಟಾನ್ ಇಬ್ರಾಹಿಮೊವಿಚ್ 2020ರ ಜನವರಿಯಲ್ಲಿ 38ಕ್ಕೆ ಮಿಲಾನ್‌ಗೆ ವಾಪಸ್ ಬಂದಾಗ ಕಾಂಟ್ರಾಕ್ಟ್ ಆರೇ ತಿಂಗಳದ್ದು, ಆಮೇಲೆ ಆಟ ನೋಡಿ ಮುಂದುವರಿಸಿದ್ರು, 2022ರಲ್ಲಿ ಹನ್ನೊಂದು ವರ್ಷದ ನಂತರ ಮಿಲಾನ್ ಇಟಲಿಯ ಚಾಂಪಿಯನ್. ಈ ಮೂರರಲ್ಲೂ ಸಂಬಳ ಏನೂ ಕಮ್ಮಿ ಇರಲಿಲ್ಲ, ಆದ್ರೆ ಕೈ ಕಟ್ಟಿಹಾಕೋ ಫೀ ಇರಲಿಲ್ಲ, ಸಿಲ್ವಾ, ಜ್ಲಾಟಾನ್ ವಿಷಯದಲ್ಲಂತೂ ತಪ್ಪಿದ್ರೆ ಬೇಗ ಹೊರಗೆ ಬರೋಕೆ ದಾರಿ ಇತ್ತು. ಇವರಲ್ಲಿ ಪಿರ್ಲೊ, ಸಿಲ್ವಾ ಇಬ್ಬರೂ ಓಟದ ಮೇಲೆ ಬದುಕಿದವರಲ್ಲ, ಬಾಲ್ ಎಲ್ಲಿಗೆ ಬರುತ್ತೆ ಅಂತ ಮೊದಲೇ ತಿಳ್ಕೊಂಡು ನಿಲ್ಲೋರು. ಆ ಬುದ್ಧಿಗೆ ವಯಸ್ಸಾಗೋದು ತಡ. ಮೈದಾನದ ಅಂಚಲ್ಲಿ ವೇಗದ ಮೇಲೇ ಆಡೋ ವಿಂಗರ್‌ಗೆ ಮೂವತ್ತು ದಾಟಿದ ಮೇಲೆ ದೊಡ್ಡ ದುಡ್ಡು ಹಾಕೋದು ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯ, ಒಂದ್ಸಲ ತೊಡೆ ಹಿಡ್ಕೊಂಡ್ರೆ ಆ ಮೊದಲ ಮೂರು ಹೆಜ್ಜೆಯ ಚುರುಕು ವಾಪಸ್ ಬರಲ್ಲ.

ಜೆರ್ಸಿ ಮಾರಿ ದುಡ್ಡು ವಾಪಸ್ ಬರುತ್ತೆ ಅಂತಲೂ ಆ ಬರಹದಲ್ಲಿತ್ತು. ಇದು ಬಹಳ ಹಳೇ ತಪ್ಪು ಕಲ್ಪನೆ. ಜೆರ್ಸಿ ಮಾಡಿ ಮಾರೋದು ಕಿಟ್ ಕಂಪನಿ, ಅವರು ಕ್ಲಬ್‌ಗೆ ವರ್ಷಕ್ಕೆ ಇಂತಿಷ್ಟು ಅಂತ ಮೊದಲೇ ಮಾತಾಡಿ ಕೊಟ್ಟಿರ್ತಾರೆ, ಒಂದೊಂದು ಜೆರ್ಸಿ ಮಾರಾಟದಲ್ಲಿ ಕ್ಲಬ್‌ಗೆ ಬರೋದು ಸಣ್ಣ ಪಾಲು. ಸ್ಪಾನ್ಸರ್ ಸಿಗ್ತಾರೆ, ಟಿಕೆಟ್ ಹೋಗುತ್ತೆ, ಅದು ನಿಜ, ಆದ್ರೆ ಆ ಆಟಗಾರ ಹೋದ ದಿನ ಅವನ ಅಭಿಮಾನಿಗಳೂ ಅವನ ಹಿಂದೆನೇ ಹೋಗ್ತಾರೆ. 1975ರಲ್ಲಿ 34 ವರ್ಷದ ಪೆಲೆ ನ್ಯೂಯಾರ್ಕ್ ಕಾಸ್ಮಾಸ್ ಸೇರಿದಾಗ ಅಮೆರಿಕ ಪೂರ್ತಿ ಫುಟ್‌ಬಾಲ್ ಕಡೆ ತಿರುಗಿ ನೋಡಿತ್ತು, 1977ರಲ್ಲಿ ಚಾಂಪಿಯನ್ ಆಗಿ ಅವರು ನಿವೃತ್ತಿ ಆದ್ರು, 1984ರ ಸೀಸನ್ ಮುಗೀತಿದ್ದ ಹಾಗೆ ಕಾಸ್ಮಾಸ್ ಆಡ್ತಿದ್ದ ಆ ಲೀಗೇ ನಿಂತುಹೋಯ್ತು. ಬೇರೆ ಕ್ಲಬ್‌ಗಳೂ ಕಾಸ್ಮಾಸ್ ನೋಡಿ ತಮ್ಮ ಶಕ್ತಿ ಮೀರಿ ಖರ್ಚು ಮಾಡಿದ್ದು ಅದಕ್ಕೆ ಒಂದು ದೊಡ್ಡ ಕಾರಣ.

ಡ್ರೆಸ್ಸಿಂಗ್ ರೂಮಿನ ವಿಷಯ ಒಂದೇ ಮಾತಲ್ಲಿ ಹೇಳ್ತೀನಿ. ಒಬ್ಬನಿಗೆ ಎಲ್ಲರಿಗಿಂತ ಎರಡು ಪಟ್ಟು ಕೊಟ್ರೆ ಮುಂದಿನ ಮಾತುಕತೆಗೆ ಬಂದ ಪ್ರತಿಯೊಬ್ಬನೂ ಅವನ ಸಂಬಳ ತೋರಿಸಿಯೇ ಕೇಳ್ತಾನೆ. ಅಲೆಕ್ಸಿಸ್ ಸಾಂಚೆಜ್ 2018ರಲ್ಲಿ 29ಕ್ಕೆ ಯುನೈಟೆಡ್‌ಗೆ ಬಂದು 45 ಪಂದ್ಯದಲ್ಲಿ 5 ಗೋಲು ಹೊಡೆದ್ರು, ಅಷ್ಟು ಸಂಬಳದ ಆಟಗಾರನ್ನ ಪೂರ್ತಿ ವಹಿಸ್ಕೊಳ್ಳೋಕೆ ಬೇರೆ ಕ್ಲಬ್ ಮುಂದೆ ಬರೋದೂ ಕಷ್ಟ ಆಯ್ತು. ಈಗಂತೂ ಯೂರೋಪಿನ ಟೂರ್ನಿ ಆಡೋ ಕ್ಲಬ್‌ಗಳಿಗೆ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ನಿಯಮವೇ ಇದೆ, ಸಂಬಳ, ಟ್ರಾನ್ಸ್‌ಫರ್ ಖರ್ಚು, ಏಜೆಂಟ್ ಫೀ ಎಲ್ಲಾ ಸೇರಿ ಆದಾಯದ ಶೇ. 70 ದಾಟೋ ಹಾಗಿಲ್ಲ. ಆ ಎಪ್ಪತ್ತರಲ್ಲಿ ಒಬ್ಬನೇ ದೊಡ್ಡ ಪಾಲು ತಿಂದ್ರೆ ಉಳಿದ ಇಪ್ಪತ್ನಾಲ್ಕು ಜನಕ್ಕೆ ಏನು ಉಳಿಯುತ್ತೆ.

ಮತ್ತೆ ಆ ಬೆಂಚಲ್ಲಿ ಕೂತಿರೋ ಹುಡುಗ. ಹತ್ತು ವರ್ಷದವನಾಗಿದ್ದಾಗಿಂದ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದು ಹತ್ತೊಂಬತ್ತಕ್ಕೆ ಮೊದಲ ತಂಡದ ಬಾಗಿಲಿಗೆ ಬಂದಿರ್ತಾನೆ, ಅವನ ಜಾಗಕ್ಕೇ ಸ್ಟಾರ್ ಬಂದು ಕೂರ್ತಾನೆ, ಫಾರ್ಮ್ ಇಲ್ದಿದ್ರೂ ಅಷ್ಟು ದುಡ್ಡು ಕೊಟ್ಟು ತಂದವನನ್ನ ಹೊರಗೆ ಕೂರಿಸೋ ಧೈರ್ಯ ಕೋಚ್‌ಗೆ ಇರಲ್ಲ, ಮಾಲೀಕರು ಮೇಲಿಂದ ನೋಡ್ತಿರ್ತಾರೆ. ಈ ಹುಡುಗ ವಾರಕ್ಕೆ ಹತ್ತು ನಿಮಿಷ ಆಡ್ತಾ ಎರಡು ವರ್ಷ ಕಳೀತಾನೆ, ಆಮೇಲೆ ಎಲ್ಲೋ ಹೊರಟುಹೋಗ್ತಾನೆ. ಹೋದವನು ಬೇರೆ ಕಡೆ ಮಿಂಚಿದಾಗ ಮತ್ತೆ ಅವನನ್ನೇ ದುಪ್ಪಟ್ಟು ಕೊಟ್ಟು ತರೋಕೆ ಇದೇ ಕ್ಲಬ್‌ಗಳು ಕ್ಯೂ ನಿಲ್ತಾವೆ. ಇದನ್ನ ಯಾವ ಬ್ಯಾಲೆನ್ಸ್ ಶೀಟಲ್ಲೂ ಖರ್ಚು ಅಂತ ಬರೆಯಲ್ಲ, ನನ್ನ ಕಣ್ಣಿಗೆ ಇದೇ ಎಲ್ಲಕ್ಕಿಂತ ದೊಡ್ಡ ಖರ್ಚು.

ಹಾಗಾಗಿ ಸಂಪಾದಕರೇ, ನನ್ನ ಅಭಿಪ್ರಾಯ ಇಷ್ಟು, ವಯಸ್ಸಾದ ಸ್ಟಾರ್‌ನ ತಗೊಳ್ಳಿ, ಒಂದು ವರ್ಷಕ್ಕೆ ತಗೊಳ್ಳಿ, ಆಡಿದ ಪಂದ್ಯಕ್ಕೆ ತಕ್ಕ ಹಾಗೆ ಸಂಬಳ ಇಡಿ, ಸರಿ ಹೋದ್ರೆ ಇನ್ನೊಂದು ವರ್ಷ ಮುಂದುವರಿಸಿ, ದೊಡ್ಡ ಫೀ ಕೊಟ್ಟು ನಾಲ್ಕು ವರ್ಷ ಕಟ್ಟಿಕೊಳ್ಳಬೇಡಿ. ನಿಮ್ಮಲ್ಲಿ ಒಂದು ಕೋರಿಕೆಯೂ ಇದೆ. ಇನ್ಮೇಲೆ ಇಂಥ ಟ್ರಾನ್ಸ್‌ಫರ್ ಸುದ್ದಿ ಹಾಕಿದಾಗ ಫೋಟೋ, ಹಳೇ ದಾಖಲೆ, ಒಟ್ಟು ಗೋಲಿನ ಜೊತೆಗೆ ಮೂರೇ ಮೂರು ಸಾಲು ಹೆಚ್ಚಿಗೆ ಹಾಕಿ, ಕಾಂಟ್ರಾಕ್ಟ್ ಎಷ್ಟು ವರ್ಷದ್ದು, ಅದು ಮುಗಿಯೋ ದಿನ ಆಟಗಾರನಿಗೆ ಎಷ್ಟು ವಯಸ್ಸು ಆಗಿರುತ್ತೆ, ಹೋದ ಎರಡು ಸೀಸನ್‌ನಲ್ಲಿ ಅವನು ಎಷ್ಟು ನಿಮಿಷ ಆಡಿದ್ದಾನೆ ಅಂತ.

ಇಂತಿ ನಿಮ್ಮ,
ಕ್ರೀಡಾ ಪುಟದ ಹಳೇ ಓದುಗ